ಅರಸಿನ ಸುಣ್ಣದ ರಕ್ತ

ಕಳೆದ ಮಳೆಗಾಲದ ಒಂದು ರಾತ್ರಿ ಊಟ ಮುಗಿಸಿ ಎಲೆಯಡಕೆಯ ಹರಿವಾಣದ ಮುಂದೆ ಕುಳಿತಿದ್ದೆವು. ಒಳಕೋಣೆಯಿಂದ ನಮ್ಮ ಮೊಮ್ಮಗನು ಗಹಗಹಿಸಿ ನಗುವ ಸದ್ದು ಕೇಳಿಸಿತು. ಹದಿನೆಂಟು ತುಂಬಿದ ಹುಡುಗ. ಕಾಲೇಜಿಗೆ ರಜೆಯಿದ್ದುದರಿಂದ ವಾಮದಪದವಿನ ನಮ್ಮ ಮನೆಗೆ ಬಂದು ನಾಲ್ಕು ದಿನ ನಿಂತಿದ್ದನು. ಮಕ್ಕಳ ನಗುವೆಂದರೆ ಮುದುಕರಾದ ನಮಗೆ ಆಪ್ಯಾಯನವೇ ಸರಿ. ಅದರಲ್ಲಿ ಪಾಲುಗೊಳ್ಳುವ ಅಪೇಕ್ಷೆಯಿಂದ ಎದ್ದುಹೋಗಿ ಅವನ ಭುಜದ ಮೇಲಿಂದ ಇಣಿಕಿ ನೋಡಿದೆವು. ಕಂಡದ್ದೇನು? ಅಂಗೈಯಗಲದ ತೆರೆಯ ಮೇಲೆ ಒಬ್ಬ ತರುಣನು ಮರ ಕೊಯ್ಯುವ ಯಂತ್ರದಿಂದ ತನ್ನ ಕೈಯನ್ನು ತಾನೇ ಕತ್ತರಿಸಿಕೊಳ್ಳುತ್ತಿದ್ದನು. ನೆತ್ತರು ಅವನ ಮುಖಕ್ಕೆ ಚಿಮ್ಮುತ್ತಿತ್ತು. ನಮ್ಮ ವಂಶೋದ್ಧಾರಕನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದನು.

ನಮಗೆ ಸಿಟ್ಟು ಬಂದಿತೆಂಬುದನ್ನು ಮುಚ್ಚಿಡುವುದಿಲ್ಲ. "ಇದೇನೋ ಇದು? ನೆತ್ತರು ಕಂಡು ನಗುವ ಬುದ್ಧಿ ಎಲ್ಲಿಂದ ಬಂತು ನಿನಗೆ?" ಎಂದು ಗದರಿಸಿದೆವು. ಹುಡುಗನು ಚಿತ್ರವನ್ನು ನಿಲ್ಲಿಸಿ, "ಅಜ್ಜ, ಇದು ನಗುವುದಕ್ಕೇ ಮಾಡಿದ ಸಿನಿಮಾ. ಹೆದರಿಸುವುದೂ ಇದೇ, ನಗಿಸುವುದೂ ಇದೇ. ಸ್ವಲ್ಪ ಕೂತು ನೋಡಿ" ಎಂದನು. ನಾವು ಕೂರಲಿಲ್ಲ. ಇಂಥದ್ದು ಈ ಮನೆಯಲ್ಲಿ ಬೇಡವೆಂದು ಹೇಳಿ ಚಾವಡಿಗೆ ಬಂದೆವು. ಸ್ವಲ್ಪ ಹೊತ್ತಿನಲ್ಲಿ ಮನೆಯವರು ಅಡಿಗೆಮನೆಯ ದೀಪವಾರಿಸಿ ಬಂದು, ನಮ್ಮ ಮುಖವನ್ನು ನೋಡದೆ ಅಡಕೆಯ ಹೋಳುಗಳನ್ನು ಆರಿಸುತ್ತ, "ಮಾವನವರ ಆಟದ ಕಥೆ ಅವನಿಗೆ ಹೇಳಿದ್ದುಂಟೋ ನೀವು?" ಎಂದು ಕೇಳಿದರು. ಹೇಳಿರಲಿಲ್ಲ. ಅವನ ತಂದೆಗೂ ಹೇಳಿರಲಿಲ್ಲ. ಮನೆಯವರಿಗಾದರೂ ನಾವು ಹೇಳಿದ್ದಲ್ಲ. ನಮ್ಮ ಮಾತೃಶ್ರೀಯವರ ಬಾಯಿಂದ ಅವರು ಕೇಳಿ ತಿಳಿದದ್ದು.

ನಮ್ಮೂರನ್ನು ಕಾಣದ ವಾಚಕರಿಗಾಗಿ ಎರಡು ಮಾತು. ವಾಮದಪದವು ಬಂಟವಾಳ ತಾಲೂಕಿಗೆ ಸೇರಿದ್ದು. ತುಳುವಿನಲ್ಲಿ ಪದವೆಂದರೆ ಗುಡ್ಡದ ಮೇಲಣ ಮಟ್ಟಸವಾದ ಮುರಕಲ್ಲಿನ ನೆಲ. ಪದವಿನಿಂದ ಕೆಳಗಿಳಿದರೆ ಬೈಲು, ಬೈಲಿನಲ್ಲಿ ಗದ್ದೆ, ಅದರಂಚಿಗೆ ಅಡಕೆಯ ತೋಟಗಳು. ಗದ್ದೆಯಲ್ಲಿ ಕೊಯ್ಲು ಮುಗಿದರೆ ಅದೇ ನಮ್ಮ ನಾಟಕಶಾಲೆ. ಮಳೆ ನಿಂತ ಮೇಲೆ ಪತ್ತನಾಜೆಯ ವರೆಗೆ ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುವುವು. ಹರಕೆ ಹೊತ್ತವರು ಕಟೀಲಿನ ಮೇಳವನ್ನೋ ಧರ್ಮಸ್ಥಳದ ಮೇಳವನ್ನೋ ಕರೆಯಿಸಿ ಬಯಲಾಟ ಆಡಿಸುವರು. ಈಗ ಅನೇಕ ಮೇಳಗಳು ನಡುರಾತ್ರಿಗೆ ಮಂಗಳ ಹಾಡಿಬಿಡುವುದುಂಟು. ನಮ್ಮ ಬಾಲ್ಯದಲ್ಲಿ ಬೆಳಗಾಗದೆ ಆಟ ಮುಗಿಯುತ್ತಿರಲಿಲ್ಲ.

ಆ ಆಟಗಳಲ್ಲಿ ನಾವು ಕಂಡ ರಕ್ತಪಾತಕ್ಕೆ ಲೆಕ್ಕವುಂಟೇ? 'ಶ್ರೀ ದೇವಿ ಮಹಾತ್ಮೆ'ಯಲ್ಲಿ ರಕ್ತಬೀಜನ ಒಂದೊಂದು ಹನಿ ನೆಲಕ್ಕೆ ಬಿದ್ದಲ್ಲಿ ಒಬ್ಬೊಬ್ಬ ರಕ್ಕಸನೇಳುವನು. ಆ ಹನಿಗಳು ಬೀಳದಂತೆ ಕಾಳಿಯು ನಾಲಗೆ ಚಾಚಿ ಕುಡಿಯುವಳು. ನರಸಿಂಹನು ಹಿರಣ್ಯಕಶಿಪುವಿನ ಕರುಳನ್ನು ಬಗೆದು ಮಾಲೆಯಾಗಿ ಧರಿಸುವನು. ಮಹಿಷಾಸುರನಂತೂ ರಂಗಸ್ಥಳದ ಹಿಂದಿನಿಂದ ಬರುವವನೇ ಅಲ್ಲ. ದೊಂದಿಗೆ ರಾಳದ ಪುಡಿ ಎರಚಿ ಭಗ್ಗೆಂದು ಬೆಂಕಿಯೆಬ್ಬಿಸುತ್ತ, ನಿದ್ದೆಹೋದ ಮಕ್ಕಳು ಮಲಗಿರುವ ಚಾಪೆಗಳ ನಡುವಿನಿಂದಲೇ ಆರ್ಭಟಿಸಿ ಬರುವನು. ನಾವು ಕಿರಿಚಿ ತಾಯಿಯ ಸೆರಗಿನೊಳಗೆ ಹೊಕ್ಕುಕೊಳ್ಳುತ್ತಿದ್ದೆವು. ಕಾಲು ಗಳಿಗೆ ಕಳೆಯುವಷ್ಟರಲ್ಲಿ ಹಾಸ್ಯಗಾರನು ದೂತನ ವೇಷದಲ್ಲಿ ಬಂದು, ಆಗ ತಾನೇ ನಮ್ಮನ್ನು ನಡುಗಿಸಿದ ರಕ್ಕಸನ ನಡೆಯನ್ನೇ ಅಣಕಿಸಿ ತೋರಿಸುವನು. ಸೆರಗಿನೊಳಗಿಂದಲೇ ನಗು. ಹೆದರಿಕೆ ಯಾವಾಗ ಬಿಟ್ಟಿತು, ನಗು ಯಾವಾಗ ಹಿಡಿಯಿತು ಎಂಬುದು ಆಗಲೂ ತಿಳಿಯುತ್ತಿರಲಿಲ್ಲ. (ದೈವಗಳ ಕೋಲದ ಮಾತು ಬೇರೆ. ಅಲ್ಲಿ ಕೈಮುಗಿದು ನಿಲ್ಲುವುದೇ ಹೊರತು ನಗುವುದಿಲ್ಲ. ಈ ಲೇಖನದೊಳಕ್ಕೆ ಅವುಗಳನ್ನು ನಾವು ಎಳೆಯುವುದೂ ಇಲ್ಲ.)

ಇನ್ನು ನಮ್ಮ ತೀರ್ಥರೂಪರ ಆಟದ ಕಥೆ. ೧೯೬೪ನೆಯ ಇಸವಿಯಲ್ಲಿ, ಸುಗ್ಗಿ ಬೆಳೆಯ ಕೊಯ್ಲು ಮುಗಿದ ಮೇಲೆ, ನೆರೆಕರೆಯ ಹವ್ಯಾಸಿಗಳೇ ಸೇರಿ 'ದುಶ್ಶಾಸನ ವಧೆ'ಯನ್ನು ಆಡುವುದೆಂದು ನಿಶ್ಚಯಿಸಿದರು. ಕೈಯಲ್ಲಿ ಕಾಸಿಲ್ಲ. ವೇಷಭೂಷಣಗಳನ್ನು ಬಾಡಿಗೆಗೆ ತಂದುದಕ್ಕೇ ಕೂಡಿಸಿದ ಹಣವೆಲ್ಲ ಮುಗಿದುಹೋಗಿ ಎರಡು ಗ್ಯಾಸ್‌ಲೈಟುಗಳನ್ನು ಸಾಲ ತಂದರು. ತೀರ್ಥರೂಪರಿಗೆ ದುಶ್ಶಾಸನನ ವೇಷ. ರಕ್ತದ ಸಿದ್ಧತೆ ನಮ್ಮ ಮನೆಯ ಪಾಲಿಗೆ ಬಂದಿತು.

ಅರಸಿನದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪಾಗುವುದೆಂದು ನಮ್ಮ ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಮದುಮಕ್ಕಳಿಗೆ ಆರತಿ ಎತ್ತುವುದು ಅದರಲ್ಲಿಯೇ. ನಮ್ಮ ಕಡೆ ಅದನ್ನು ಕುರ್ದಿ ನೀರೆನ್ನುವರು. ತಮಿಳಿನಲ್ಲಿ ಕುರುದಿಯೆಂದರೆ ರಕ್ತವೆಂದೇ ಅರ್ಥ. ಮಾತೃಶ್ರೀಯವರು ಒಂದು ಚೆಂಬು ತುಂಬ ಅದನ್ನು ಕಲಸಿಟ್ಟರು. ಕರುಳಿಗೇನು ಮಾಡುವುದು? ಹಳೆಯ ಪಂಚೆಯನ್ನು ಸೀಳಿ ಬಣ್ಣ ಹಚ್ಚುವುದೆಂದು ಮೊದಲು ಮಾತಾಯಿತು. ಅದು ಒಣಗಿದ ಬತ್ತಿಯಂತೆ ಕಾಣುವುದೆಂದು ಅವರು ಒಪ್ಪಲಿಲ್ಲ. ಅಕ್ಕಿ ಅರೆದು ಬೇಯಿಸಿ ಶ್ಯಾವಿಗೆ ಒತ್ತಿದರು. ಅದಕ್ಕೆ ಹಿತ್ತಲಿನ ಬಸಳೆಯ ಹಣ್ಣುಗಳನ್ನು ಹಿಂಡಿ ಬಣ್ಣ ಕೊಟ್ಟು, ಹೊಳಪು ಬರಲೆಂದು ತೆಂಗಿನೆಣ್ಣೆ ಸವರಿ, ಅಡಕೆಯ ಹಾಳೆಯನ್ನು ಮಡಚಿ ಅದರೊಳಗೆ ತುಂಬಿದರು. ಹಾಳೆಯನ್ನು ತೀರ್ಥರೂಪರು ವೇಷದ ಒಳಗೆ ಹೊಟ್ಟೆಗೆ ಬಿಗಿದುಕೊಂಡರು. ಒಂದು ಗೆರಟೆ ತುಂಬ ಕುರ್ದಿ ನೀರನ್ನು ಹಿಡಿದು ರಂಗಸ್ಥಳದ ಬದಿಯಲ್ಲಿ ಕುಳಿತಿರುವ ಕೆಲಸ ಒಂಬತ್ತು ವರ್ಷದ ನಮಗೆ.

ಬೆಳಗಿನ ಜಾವ ರುದ್ರಭೀಮನು ಪ್ರವೇಶಿಸಿದನು. ಆ ವೇಷ ಕಟ್ಟಿದವರು ದಿನವೂ ನಮ್ಮ ಗದ್ದೆಯ ಹುಣಿಯ ಮೇಲೆ ನಡೆದುಹೋಗುತ್ತಿದ್ದ ಗೃಹಸ್ಥರು. ಆದರೂ ಆ ಕಣ್ಣು, ಆ ಅಬ್ಬರ, ಚೆಂಡೆಯ ಆ ಪೆಟ್ಟು! ನಮ್ಮ ಕೈಯಲ್ಲಿರುವುದು ಅರಸಿನದ ನೀರೆಂದು ನಮಗಿಂತ ಚೆನ್ನಾಗಿ ಬಲ್ಲವರು ಆ ಬೈಲಿನಲ್ಲಿ ಇರಲಿಲ್ಲ. ಆದರೂ ಕೈ ನಡುಗಿ ಅರ್ಧ ಗೆರಟೆ ನಮ್ಮ ಚಡ್ಡಿಯ ಮೇಲೆಯೇ ಚೆಲ್ಲಿತು. ಭೀಮನು ದುಶ್ಶಾಸನನನ್ನು ಕೆಡವಿ, ಎದೆಯ ಮೇಲೆ ಕುಳಿತು, ಉಳಿದ ರಕ್ತವನ್ನು ಕುಡಿದು ಮುಕ್ಕಳಿಸಿ ಉಗುಳಿ, ಕರುಳನ್ನೆಳೆದು ಎತ್ತಿ ಹಿಡಿದನು. ಹೆಂಗಸರ ಕಡೆಯಿಂದ ಅಯ್ಯೋ ಎಂಬ ಕೂಗು. ಆ ಕ್ಷಣದಲ್ಲಿ, ಅಕ್ಕಿಯ ಮತ್ತು ತೆಂಗಿನೆಣ್ಣೆಯ ಪರಿಮಳವನ್ನು ಹಿಡಿದು ಬಂದಿತ್ತೋ ಏನೋ, ಒಂದು ಬೀದಿನಾಯಿಯು ರಂಗಸ್ಥಳಕ್ಕೆ ನುಗ್ಗಿ, ನೇತಾಡುತ್ತಿದ್ದ ಕರುಳಿನ ತುದಿಯನ್ನು ಕಚ್ಚಿ ಎಳೆಯಿತು. ಭೀಮನು ಒಂದು ಕಡೆ, ನಾಯಿ ಒಂದು ಕಡೆ. ಕೊನೆಗೆ ಶ್ಯಾವಿಗೆ ತುಂಡಾಗಿ ನಾಯಿಯು ತನ್ನ ಪಾಲನ್ನು ಗೆದ್ದು, ಗ್ಯಾಸ್‌ಲೈಟಿನ ಬುಡದಲ್ಲಿ ನಿಂತು ಎಲ್ಲರೂ ಕಾಣುವಂತೆ ತಿನ್ನತೊಡಗಿತು.

ಭಾಗವತರು ಪದವನ್ನು ನಿಲ್ಲಿಸಿಬಿಟ್ಟರು. ಹಾಸ್ಯಗಾರನ ವೇಷದವರು ಮಾತ್ರ ಸಮಯ ತಪ್ಪಲಿಲ್ಲ. ತಮಗೆ ಪ್ರವೇಶವೇ ಇಲ್ಲದ ಆ ಸಂದರ್ಭದಲ್ಲಿ ಮುಂದೆ ಬಂದು ನಾಯಿಗೆ ಅಡ್ಡಬಿದ್ದು, "ಸ್ವಾಮೀ, ಕೌರವನ ಅನ್ನ ತಿಂದವರು ಲೋಕದಲ್ಲಿ ಬಹಳ ಮಂದಿ, ಕೌರವನನ್ನೇ ತಿಂದ ಮಹಾತ್ಮರು ತಾವೊಬ್ಬರೇ" ಎಂದರು. ಬೈಲಿಗೆ ಬೈಲೇ ನಕ್ಕಿತು. ಸತ್ತು ಬಿದ್ದಿದ್ದ ದುಶ್ಶಾಸನನ ಹೊಟ್ಟೆಯೂ ಕುಲುಕುಲುಕಾಗಿ ಕುಣಿಯತೊಡಗಿತು. ತುಟಿ ಬಿಗಿದು, ಕಣ್ಣು ಮುಚ್ಚಿ, ಮೈಯೆಲ್ಲ ಕೆಂಪಾಗಿ ಬಿದ್ದ ಆ ಹೆಣವು ನಗುವನ್ನು ತಡೆಯಲಾರದೆ ಪಡುತ್ತಿದ್ದ ಕಷ್ಟವನ್ನು ನಾವು ಎರಡು ಮೊಳ ದೂರದಿಂದ ನೋಡಿದೆವು.

ಮನೆಗೆ ಬಂದಾಗ ಪೂರ್ವ ಬೆಳ್ಳಗಾಗಿತ್ತು. ಬಾವಿಕಟ್ಟೆಯಲ್ಲಿ ತೀರ್ಥರೂಪರ ಎದೆಯ ಕೆಂಪು ನೀರಿಗೆ ಹೋಗಲೊಲ್ಲದು. ಮಾತೃಶ್ರೀಯವರು ಲಿಂಬೆಯ ಕಡಿಯೊಂದನ್ನು ತಂದು ಉಜ್ಜಿದರು. ಹುಳಿ ತಗುಲಿದಲ್ಲೆಲ್ಲ ಕೆಂಪು ಅಳಿದು ಮೊದಲಿನ ಅರಸಿನದ ಬಣ್ಣವೇ ಎದ್ದುಬಂದಿತು. "ನೋಡಿ, ಪುನಃ ಮದುಮಗ ಆದಿರಿ" ಎಂದು ಅವರು ನಕ್ಕರು. ಅವರು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾವು ಕಂಡದ್ದು ಕಡಿಮೆ.

ನಾಲ್ಕು ವರ್ಷಗಳ ಮೇಲೆ, ಆಟಿ ತಿಂಗಳಿನಲ್ಲಿ, ಎರಡು ದಿನ ಬಿಸಿಲು ಕಂಡಿತೆಂದು ಅಡಕೆಗೆ ಕೊಳೆರೋಗದ ಮದ್ದು ಬಿಡುತ್ತಿದ್ದೆವು. ಮೈಲುತುತ್ತು ಮತ್ತು ಸುಣ್ಣವನ್ನು ಕಲಸಿದ ನೀಲಿಯ ದ್ರಾವಣ. ಮರದ ತುದಿಯಲ್ಲಿ ತೀರ್ಥರೂಪರು. ಕೆಳಗೆ ಪಂಪು ಒತ್ತುತ್ತಿದ್ದವರು ನಾವು. ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಕೈ ಜಾರಿತು. ರಕ್ತವೆಂದರೆ ಚೆಂಬು ತುಂಬ, ಗೆರಟೆ ತುಂಬ ಎಂದು ನಾವು ತಿಳಿದಿದ್ದೆವು. ಕಿವಿಯಿಂದ ಬಂದದ್ದು ಒಂದು ಸೌಟಿನಷ್ಟೂ ಇರಲಿಲ್ಲ. ಅದರ ಬಣ್ಣವೂ ಹಾಗಿರಲಿಲ್ಲ. ಅಂಗಿಯ ಮೇಲೆ ಮದ್ದಿನ ನೀಲಿಯೇ ಹೆಚ್ಚು ಕಾಣುತ್ತಿತ್ತು. ಮಂಚದ ಮೇಲೆ ಮಲಗಿಸಿ ಮಾರ್ಗದ ವರೆಗೆ ಹೊತ್ತರು. ಪೇಟೆಯನ್ನು ಮುಟ್ಟುವ ಮೊದಲೇ ಆಗಿಹೋಯಿತು. ಮುಂದೆ ಮೂವತ್ತು ವರ್ಷ ಬದುಕಿದ್ದ ಮಾತೃಶ್ರೀಯವರಿಗೆ ಆಗಿನ ಪದ್ಧತಿಯಂತೆ ಕುರ್ದಿ ನೀರು ಕಲಸುವ ಅಧಿಕಾರವೂ ಉಳಿಯಲಿಲ್ಲ. ನಾವು ಆಟಕ್ಕೆ ಹೋಗುವುದನ್ನು ಬಿಡಲಿಲ್ಲ. ಆದರೆ 'ದುಶ್ಶಾಸನ ವಧೆ'ಯಿದ್ದ ರಾತ್ರಿ ಏನಾದರೊಂದು ನೆವ ಹೇಳಿ ಮನೆಯಲ್ಲಿಯೇ ಉಳಿಯುತ್ತಿದ್ದೆವು.

ಮಾರನೆಯ ದಿನ ಇದನ್ನೆಲ್ಲ ಹುಡುಗನಿಗೆ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ, "ಮುತ್ತಜ್ಜ ಇದ್ದಿದ್ದರೆ ಈ ಸಿನಿಮಾ ನೋಡುತ್ತಿದ್ದರಾ ಅಜ್ಜ?" ಎಂದು ಕೇಳಿದನು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲವಾದುದರಿಂದ ರಾತ್ರಿ ಅವನ ಬಳಿ ಕುಳಿತು ನೋಡಿದೆವು.

ಚಿತ್ರದ ಹೆಸರು 'ಈವಿಲ್ ಡೆಡ್ ೨', ೧೯೮೭ರದು. ಸ್ಯಾಮ್ ರೈಮಿ ಎಂಬಾತನು ೧೯೮೧ರಲ್ಲಿ ಇದರ ಮೊದಲಿನದನ್ನು ತೆರೆಗೆ ತಂದಾಗ ಇಪ್ಪತ್ತೊಂದರ ಹುಡುಗನಂತೆ. ಹಾಲಿವುಡ್ಡಿನ ಲೆಕ್ಕದಲ್ಲಿ ಚಿಲ್ಲರೆಯೆನಿಸುವ, ನಾಲ್ಕು ಲಕ್ಷ ಡಾಲರೂ ಮುಟ್ಟದ ಮೊತ್ತದಲ್ಲಿ, ಕಾಡಿನ ಒಂದು ಮುರುಕು ಮನೆಯಲ್ಲಿ ಸ್ನೇಹಿತರನ್ನು ಕೂಡಿಕೊಂಡು ತೆಗೆದನು. ರಕ್ತಕ್ಕೆ ಜೋಳದ ಪಾಕ ಮತ್ತು ಬಣ್ಣ. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ನನು ಇವನಿಗೂ ಮಿಗಿಲು. ೧೯೮೭ರ 'ಬ್ಯಾಡ್ ಟೇಸ್ಟ್' ಎಂಬ ಚಿತ್ರವನ್ನು ನಾಲ್ಕು ವರ್ಷಗಳ ಕಾಲ ವಾರದ ರಜೆಗಳಲ್ಲಿ ತೆಗೆಯುತ್ತ, ರಾಕ್ಷಸರ ಮುಖವಾಡಗಳನ್ನು ತನ್ನ ತಾಯಿಯ ಅಡಿಗೆಮನೆಯ ಒಲೆಯಲ್ಲಿ ಬೇಯಿಸಿದನು. ಮುಂದೆ 'ಲಾರ್ಡ್ ಆಫ್ ದಿ ರಿಂಗ್ಸ್' ತೆಗೆದು ಜಗತ್ಪ್ರಸಿದ್ಧನಾದವನು ಈತನೇ. ಆ ತಾಯಿಯು ಮಗನ ರಕ್ಕಸರು ಬೇಯುತ್ತಿದ್ದಾಗ ರಾತ್ರಿಯ ಊಟಕ್ಕೇನು ಮಾಡುತ್ತಿದ್ದಳೋ! ಬಸಳೆಯ ಹಣ್ಣು ಹಿಂಡುತ್ತಿದ್ದ ಇನ್ನೊಂದು ಅಡಿಗೆಮನೆಯನ್ನು ನೆನೆಯದೆ ಇರಲು ನಮ್ಮಿಂದಾಗಲಿಲ್ಲ.

ಚಿತ್ರದ ಮೊದಲ ಹನಿಗೆ ನಮ್ಮ ಹೊಟ್ಟೆ ತೊಳಸಿತು. ಪಿಶಾಚಿಯು ನಾಯಕನ ಬಲಗೈಯೊಳಗೆ ಹೊಕ್ಕಿರುವುದು. ಆ ಕೈಯೇ ಅವನ ಜುಟ್ಟು ಹಿಡಿದು, ತಲೆಗೆ ತಟ್ಟೆ ಬಡಿದು ಅವನನ್ನು ಗೋಳುಗುಟ್ಟಿಸುವುದು. ಅವನು ಅದನ್ನು ಕತ್ತರಿಸಿ, ಮೇಲೆ ಬಕೆಟ್ಟು ಕವುಚಿ, ಬಕೆಟ್ಟಿನ ಮೇಲೆ ಭಾರಕ್ಕೆ ಪುಸ್ತಕಗಳನ್ನಿಡುವನು. ಮೇಲಿನ ಪುಸ್ತಕವು ಹೆಮಿಂಗ್ವೇಯ 'ಎ ಫೇರ್‌ವೆಲ್ ಟು ಆರ್ಮ್ಸ್'. ಆರ್ಮ್ಸ್ ಎಂದರೆ ಆಯುಧವೂ ಹೌದು, ತೋಳೂ ಹೌದು, ತೋಳಿಗೆ ವಿದಾಯ! ಈ ಶ್ಲೇಷೆಯನ್ನು ಹುಡುಗನು ಬಿಡಿಸಿ ಹೇಳಿದಾಗ ನಮ್ಮ ತಾಳಮದ್ದಳೆಯ ಅರ್ಥಧಾರಿಗಳು ಕೇಳಬೇಕಿತ್ತೆನಿಸಿತು. ಅಲ್ಲಿಂದ ಆ ಕೈಯು ಇಲಿಯಂತೆ ಗೋಡೆಯೊಳಗೆ ಓಡುವುದು, ನಾಯಕನು ಕೋವಿಯಿಂದ ಹೊಡೆಯುವನು, ಗೋಡೆಯ ತೂತಿನಿಂದ ರಕ್ತವು ಮೊದಲು ತೊಟ್ಟಿಕ್ಕಿ, ಆಮೇಲೆ ಕಟ್ಟೆಯೊಡೆದ ತೋಡಿನಂತೆ ಧುಮುಕಿ ಅವನನ್ನೇ ಕೆಡವುವುದು. ಅಷ್ಟರಲ್ಲಿ ನಮ್ಮ ಹೊಟ್ಟೆ ಕುಲುಕುತ್ತಿತ್ತು. ಹುಡುಗನು ಚಿತ್ರವನ್ನು ಬಿಟ್ಟು ನಮ್ಮನ್ನು ನೋಡುತ್ತಿದ್ದನು.

ಒಬ್ಬ ವಯಸ್ಕನ ಮೈಯಲ್ಲಿರುವ ರಕ್ತ ಸುಮಾರು ಐದು ಲೀಟರು. ಜಾಕ್ಸನ್ನನ ೧೯೯೨ರ 'ಬ್ರೇನ್‌ಡೆಡ್' ಚಿತ್ರದಲ್ಲಿ ನಾಯಕನು ಹುಲ್ಲು ಕತ್ತರಿಸುವ ಯಂತ್ರವನ್ನು ಎದೆಗವಚಿಕೊಂಡು ಪ್ರೇತಗಳ ಗುಂಪಿಗೆ ನುಗ್ಗುವ ಒಂದು ದೃಶ್ಯಕ್ಕೇ ಮುನ್ನೂರು ಲೀಟರು ಚೆಲ್ಲಿದರೆಂದು ಹೇಳುವರು. ನಗು ಹುಟ್ಟುವುದು ಈ ಲೆಕ್ಕ ತಪ್ಪುವಲ್ಲಿಯೇ ಎಂದು ನಮಗೆ ತೋರುವುದು. ಸೌಟಿನಷ್ಟು ರಕ್ತ ನಿಜ. ಅದನ್ನು ಕಂಡವನು ನಗಲಾರನು. ಕೊಡಗಟ್ಟಲೆ ಸುರಿದಾಗ ಮನಸ್ಸು, ಇದು ಯಾರ ಮೈಯದೂ ಅಲ್ಲ, ಯಾವುದೋ ಅಡಿಗೆಮನೆಯದು ಎಂದು ಬಿಡುಗಡೆ ಪಡೆಯುವುದು. ಖರ್ಚು ಕಡಿಮೆಯಾದಷ್ಟೂ ಆ ಅಡಿಗೆಮನೆ ಹೆಚ್ಚು ಕಾಣುವುದು. ಹಣ ಸುರಿದು, ಗಾಯದ ಅಂಚಿನ ಚರ್ಮ ಸುಲಿದದ್ದನ್ನೂ ತಪ್ಪದೆ ತೋರಿಸುವ ಇನ್ನೊಂದು ಚಿತ್ರವನ್ನು ಹುಡುಗನು ಹೋಲಿಕೆಗೆಂದು ತೋರಿಸಿದನು. ಹತ್ತು ನಿಮಿಷಕ್ಕೆ ನಾವಿಬ್ಬರೂ ಸಾಕೆಂದೆವು.

ನಮ್ಮ ಪೂರ್ವಿಕರಿಗೆ ಈ ನಂಟು ಹೊಸತಲ್ಲ. ಭರತನ ನಾಟ್ಯಶಾಸ್ತ್ರವು ಬೀಭತ್ಸದಿಂದ ಭಯಾನಕವು ಹುಟ್ಟುವುದೆಂದು ಹೇಳಿ, ಒಂದೊಂದು ರಸಕ್ಕೆ ಒಂದೊಂದು ದೇವತೆಯನ್ನು ಹೇಳುವುದು. ಹಾಸ್ಯಕ್ಕೆ ದೇವತೆ ಯಾರು? ಪ್ರಮಥರು, ಸ್ಮಶಾನವಾಸಿಯಾದ ಶಿವನ ಹಿಂದೆ ತಿರುಗುವ ಆ ವಿಕಾರರೂಪದ ಗಣಗಳು. ರನ್ನನ 'ಗದಾಯುದ್ಧ'ದಲ್ಲಿ ಹೆಣಗಳನ್ನು ತುಳಿಯುತ್ತ ರಣರಂಗವನ್ನು ದಾಟುವ ದುರ್ಯೋಧನನನ್ನು ಮರುಳುಗಳು ಹಾಸ್ಯಮಾಡುವುವು. ಪ್ಯಾರಿಸಿನಲ್ಲಿ ೧೮೯೭ರಿಂದ ೧೯೬೨ರ ವರೆಗೆ ಗ್ರಾಂ ಗಿನ್ಯೋಲ್ ಎಂಬ ಸಣ್ಣ ನಾಟಕಶಾಲೆಯಿತ್ತು. ಹಿಂದೆ ಅದು ಪ್ರಾರ್ಥನಾಮಂದಿರವಾಗಿದ್ದಿತು. ಅಲ್ಲಿ ಒಂದೇ ರಾತ್ರಿ ಕಣ್ಣು ಕೀಳುವ, ಕತ್ತು ಕೊಯ್ಯುವ ಒಂದು ನಾಟಕ, ಅದರ ಬೆನ್ನಿಗೆ ಒಂದು ಪ್ರಹಸನ, ಮತ್ತೆ ಒಂದು ಕೊಲೆ, ಹೀಗೆ ಬಿಸಿನೀರು ತಣ್ಣೀರು ಎರೆದಂತೆ ಆಡುತ್ತಿದ್ದರು. ಮಹಿಷಾಸುರನ ಹಿಂದೆ ಹಾಸ್ಯಗಾರನನ್ನು ಕಳುಹಿಸುವ ನಮ್ಮ ಭಾಗವತರಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮ ಕರಾವಳಿಯವರೇ ಆದ ಜೆ. ಪಿ. ತುಮಿನಾಡು ಅವರು ೨೦೨೫ರಲ್ಲಿ ತೆಗೆದ 'ಸು ಫ್ರಮ್ ಸೋ' ಚಿತ್ರವು ಕಡಿಮೆ ಖರ್ಚಿನಲ್ಲಿ ತಯಾರಾಗಿ ನಾಡೆಲ್ಲ ಓಡಿತು. ಅದರಲ್ಲಿ ರಕ್ತಕ್ಕಿಂತ ಊರವರ ಹೆದರಿಕೆಯ ಸಡಗರವೇ ಹೆಚ್ಚು. ನಾವು ಎರಡು ಸಲ ನೋಡಿದೆವು.

ಸಣ್ಣ ಮಕ್ಕಳಿಗೆ ಇಂಥ ವಿದೇಶೀ ಚಿತ್ರಗಳನ್ನು ತೋರಿಸಬಹುದೆಂದು ನಾವು ಹೇಳುತ್ತಿರುವೆವೆಂದು ಯಾರೂ ತಿಳಿಯಬಾರದು. ಅವುಗಳಲ್ಲಿ ಅಶ್ಲೀಲವೂ ಉಂಟು, ಬರಿಯ ಕ್ರೌರ್ಯವೂ ಉಂಟು. 'ಬ್ರೇನ್‌ಡೆಡ್' ಚಿತ್ರವನ್ನು ನಾವು ಅರ್ಧದಲ್ಲಿಯೇ ಬಿಟ್ಟೆವು. ಆದರೆ ಮಕ್ಕಳನ್ನು ಇದಕ್ಕಾಗಿ ಗದರಿಸುವ ನಮ್ಮಂಥ ಗೃಹಸ್ಥರೇ, ಮಾರ್ಗದಲ್ಲಿ ನಡೆದ ಅಪಘಾತದ ನಿಜವಾದ ಚಿತ್ರಗಳನ್ನು ಫೋನಿನಲ್ಲಿ ಒಬ್ಬರಿಗೊಬ್ಬರು ಕಳುಹಿಸಿಕೊಳ್ಳುವರು. ಸತ್ತವನ ಮನೆಗೆ ಸುದ್ದಿ ಮುಟ್ಟುವುದರೊಳಗೆ ಚಿತ್ರ ಮುಟ್ಟಿರುವುದು. ಅವರು ಅದನ್ನು ನೋಡಿ ನಗುವುದಿಲ್ಲ, ನಿಜ. ಅಯ್ಯೋ ಪಾಪ ಎಂದು ಬರೆದು ಮುಂದಿನವರಿಗೆ ದಾಟಿಸುವರು. ನಮ್ಮ ಮನೆಯಲ್ಲಿ ಬೇಡವೆನ್ನಬೇಕಾದದ್ದು ಯಾವುದನ್ನೆಂದು ಆ ರಾತ್ರಿಯ ಮೇಲೆ ನಮಗೆ ಸಂದೇಹ ಉಳಿದಿಲ್ಲ.

ಹೊರಡುವ ಮುನ್ನಾದಿನ ಹುಡುಗನು ಆ ರಕ್ತವನ್ನು ಮಾಡಿ ತೋರಿಸಬೇಕೆಂದು ಹಟ ಹಿಡಿದನು. ಮನೆಯವರು ಅರಸಿನದ ಕರಡಿಗೆಯನ್ನು ತೆಗೆದುಕೊಟ್ಟರು. ಸುಣ್ಣವು ಎಲೆಯಡಕೆಯ ಹರಿವಾಣದಲ್ಲಿಯೇ ಇತ್ತು. ಐವತ್ತು ವರ್ಷಗಳಿಂದ ಕೈಯಾಡಿಸದ ಕೆಲಸವಾದರೂ ಅಳತೆ ಮರೆತಿರಲಿಲ್ಲ. ಬಿಳಿಯ ಬಟ್ಟಲಿನಲ್ಲಿ ಹಳದಿಯ ನೀರು ಬೆರಳಾಡಿಸಿದಂತೆ ಕೆಂಪಾಗುತ್ತ ಬಂದಿತು. ಹುಡುಗನು ಅದನ್ನು ತನ್ನ ಮೊಣಕೈಯಿಂದ ಬೆರಳ ತುದಿಯ ವರೆಗೆ ಸುರಿದುಕೊಂಡು, "ಅಯ್ಯೋ ಅಜ್ಜಿ, ಕೈ ಹೋಯಿತು!" ಎಂದು ಕೂಗಿ ನೆಲಕ್ಕೆ ಬಿದ್ದು ಹೊರಳಿದನು. ಅಜ್ಜಿಯು, "ನೆಲ ಒರೆಸುವವರು ಯಾರು?" ಎನ್ನುತ್ತ ಲಿಂಬೆಯೊಂದನ್ನು ಕತ್ತರಿಸಿ ನಮ್ಮ ಕೈಗಿತ್ತರು. ನಾವು ಕೆಳಗೆ ಕುಳಿತು ಅವನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜತೊಡಗಿದೆವು. ಮಣಿಕಟ್ಟಿನ ಬಳಿಯಿಂದ ಹಳದಿ ಬರತೊಡಗಿತು.